ಎಡೆದೊರೆ ನಾಡಿನಿಂದ ಘಟ್ಟದಾಚೆಗೆ: ರೈಲು ಹಾದಿಗಳ ಒಂದು ಚರಿತ್ರೆ

2024ರ ಮಾರ್ಚ್ ತಿಂಗಳಿನಲ್ಲಿ ಹುಬ್ಬಳ್ಳಿಯಿಂದ ಕಾರಟಗಿಯವರೆಗೆ ಬರುತ್ತಿದ್ದ ಪ್ರಯಾಣಿಕರ ರೈಲು ಸಿಂಧನೂರಿನವರೆಗೆ ಓಡತೊಡಗಿತು. ರಾಯಚೂರಿಗೆ ರೈಲು ಬಂದದ್ದು 1871ರಲ್ಲಿ. ಅದೇ ಜಿಲ್ಲೆಯ ಸಿಂಧನೂರು ತಲುಪಲು ಅದಕ್ಕೆ ಮತ್ತೆ 153 ವರ್ಷಗಳು ಬೇಕಾದವು. ಎರಡು ಊರುಗಳ ನಡುವಿನ ದೂರ ನೂರು ಕಿಲೋಮೀಟರಿಗಿಂತ ಕಡಿಮೆ. ನಡುವೆ ಬೆಟ್ಟಗಳ ಸಾಲಿಲ್ಲ, ದಟ್ಟ ಕಾಡಿಲ್ಲ, ದಾಟಲಾಗದ ಕಣಿವೆಯೂ ಇಲ್ಲ. ಅತ್ತ ಇದೇ ಅವಧಿಯಲ್ಲಿ ಸಹ್ಯಾದ್ರಿಯ ಕಡಿದಾದ ಗೋಡೆಯನ್ನು ರೈಲುಗಳು ಹಲವೆಡೆ ಏರಿದ್ದವು. ನಾರ್ವೆ ದೇಶದಲ್ಲಿ ಹಿಮ ಮುಚ್ಚಿದ ಪ್ರಸ್ಥಭೂಮಿಯಿಂದ ಸಮುದ್ರದ ಅಂಚಿಗೆ ಅವು ಇಳಿದಿದ್ದವು. ಕಷ್ಟದ ನೆಲಕ್ಕೆ ಮೊದಲು ಹೋದ ರೈಲು ಸುಲಭದ ನೆಲಕ್ಕೆ ಕೊನೆಗೆ ಬಂದದ್ದೇಕೆ?

ಹೆಗಲಿಗೆ ಒಂದು ಚೀಲ ಹಾಕಿಕೊಂಡು, ಜೊತೆಗಾರರಿಲ್ಲದೆ, ಬೆಟ್ಟ ಕಣಿವೆಗಳನ್ನು ರೈಲಿನ ಕಿಟಕಿಯಿಂದ ನೋಡುತ್ತ ಸಾಗುವ ಪ್ರವಾಸ ಇಂದಿನ ತರುಣರಿಗೆ ಪ್ರಿಯವಾದುದು. ಯೂರೋಪಿನಲ್ಲಿ 1972ರಲ್ಲಿ 21 ವರ್ಷದವರೆಗಿನವರಿಗಾಗಿ ಇಂಟರ್‌ರೈಲ್ ಎಂಬ ಅಗ್ಗದ ಟಿಕೆಟ್ ಬಂದ ಮೇಲೆ ಈ ಬಗೆಯ ಸಂಚಾರ ಅಲ್ಲಿ ಒಂದು ಸಂಪ್ರದಾಯವೇ ಆಯಿತು. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ವಿದ್ಯಾರ್ಥಿಗೆ ಇಂಥ ಪ್ರವಾಸ ಮೊದಲಿನಿಂದಲೂ ಬಸ್ಸಿನಲ್ಲೇ ಶುರುವಾಗುತ್ತಿತ್ತು. ರಾಯಚೂರೋ ಕೊಪ್ಪಳವೋ ಹೊಸಪೇಟೆಯೋ ಸೇರಿದ ನಂತರವೇ ಹಳಿಯ ದರ್ಶನ. ಇದರ ಹಿಂದಿನ ಕಾರಣಗಳನ್ನು ತಿಳಿಯಲು ಸ್ವಲ್ಪ ಭೂಗೋಳ, ಸ್ವಲ್ಪ ಭೌತಶಾಸ್ತ್ರ ಮತ್ತು ಸ್ವಲ್ಪ ರಾಜಕೀಯ ಚರಿತ್ರೆ ಮೂರೂ ಬೇಕು.

ಎರಡು ಹೊಳೆಗಳ ನಡುವೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಭೂಭಾಗಕ್ಕೆ ಶಾಸನಗಳಲ್ಲಿ ಎಡೆದೊರೆ ನಾಡು ಎಂದು ಹೆಸರು. ತೊರೆಗಳ ಎಡೆಯ ನಾಡು ಎಂಬ ಅಚ್ಚಗನ್ನಡದ ಈ ಮಾತು ಮರೆತುಹೋಗಿ, ಪಾರಸಿ ಮೂಲದ 'ದೋಆಬ್' ಎಂಬುದೇ ಉಳಿದುಕೊಂಡಿದೆ. ಎರಡೂ ಹೊಳೆಗಳು ಪೂರ್ವಕ್ಕೆ ಹರಿಯುತ್ತ ಒಂದನ್ನೊಂದು ಸಮೀಪಿಸುವುದರಿಂದ ದೋಆಬ್ ಪೂರ್ವದಲ್ಲಿ ಕಿರಿದಾಗುತ್ತದೆ. ರಾಯಚೂರು ಇರುವುದು ಆ ಕಿರಿದಾದ ಕೊರಳಿನಲ್ಲಿ. ಲಿಂಗಸುಗೂರು, ಮಸ್ಕಿ, ಸಿಂಧನೂರು ಇರುವುದು ಅಗಲವಾದ ಒಡಲಿನಲ್ಲಿ, ಉತ್ತರದಿಂದ ದಕ್ಷಿಣಕ್ಕೆ ಒಂದೇ ಹೆದ್ದಾರಿಯ ಮೇಲೆ.

ಮುಂಬಯಿ ಮತ್ತು ಮದರಾಸುಗಳನ್ನು ಜೋಡಿಸುವುದು ಹತ್ತೊಂಬತ್ತನೆಯ ಶತಮಾನದ ನಡುಭಾಗದ ದೊಡ್ಡ ಯೋಜನೆ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮುಂಬಯಿಯಿಂದಲೂ, ಮದರಾಸ್ ರೈಲ್ವೆ ಅರಕ್ಕೋಣದ ಕಡೆಯಿಂದಲೂ ಹಳಿ ಹಾಕುತ್ತ ಬಂದು 1871ರಲ್ಲಿ ರಾಯಚೂರಿನಲ್ಲಿ ಸಂಧಿಸಿದವು. ಈ ಹಾದಿ ಕೃಷ್ಣೆಯನ್ನೂ ತುಂಗಭದ್ರೆಯನ್ನೂ ದಾಟಲೇಬೇಕು. ಎರಡು ಮಹಾನಗರಗಳ ನಡುವೆ ನೇರವಾದ ಹಾದಿ ಎಳೆಯುವವರಿಗೆ ದೋಆಬಿನ ಕೊರಳೇ ಸಹಜ ಆಯ್ಕೆ, ಒಡಲು ದಾರಿ ತಪ್ಪಿದ ಮೂಲೆ. ಮುಂದೆ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗಗಳ ಮೂಲಕ ಹುಬ್ಬಳ್ಳಿಗೆ ಮೀಟರ್ ಗೇಜ್ ಹಾದಿ ಹಾಕಿದರು. ಅದು ದೋಆಬಿನ ನೈರುತ್ಯದ ಅಂಚನ್ನಷ್ಟೇ ಸವರಿತು. ಹೀಗೆ ಒಂದು ಹಾದಿ ಪೂರ್ವಕ್ಕೆ, ಇನ್ನೊಂದು ನೈರುತ್ಯಕ್ಕೆ. ನಡುವಿನ ನಾಡು ನಕಾಶೆಯಲ್ಲಿ ಖಾಲಿಯಾಗಿಯೇ ಉಳಿಯಿತು.

ಭೋರ್ ಘಾಟಿನ ಲೆಕ್ಕ

ರಾಯಚೂರಿಗೆ ಬಂದ ಹಾದಿಯ ಹೆಬ್ಬಾಗಿಲು ನೂರಾರು ಕಿಲೋಮೀಟರ್ ಆಚೆ, ಪುಣೆ ಮತ್ತು ಮುಂಬಯಿಗಳ ನಡುವಿನ ಭೋರ್ ಘಾಟಿನಲ್ಲಿತ್ತು. 1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ಮೊದಲ ರೈಲು ಓಡಿದಾಗ ಮುಂದಿನ ಸವಾಲು ಈ ಘಟ್ಟವೇ ಆಗಿತ್ತು. ಕೊಂಕಣದ ತಗ್ಗಿನಿಂದ ದಖ್ಖನ್ ಪ್ರಸ್ಥಭೂಮಿಗೆ ಸುಮಾರು 25 ಕಿ.ಮೀ. ದೂರದಲ್ಲಿ 1,831 ಅಡಿ, ಅಂದರೆ ಸುಮಾರು 558 ಮೀಟರ್ ಏರಬೇಕು. ಸರಾಸರಿ ಏರು 46ಕ್ಕೆ 1. ಅತಿ ಕಡಿದಾದ ಕಡೆ 37ಕ್ಕೆ 1. ಅಂದರೆ 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೇರಿದಂತೆ. ರಸ್ತೆಯಲ್ಲಿ ಹೋಗುವ ಎತ್ತಿನ ಬಂಡಿಗೆ ಇದು ಏರೆಂದೇ ಅನಿಸದು. ರೈಲಿಗೆ ಮಾತ್ರ ಇದು ದೊಡ್ಡ ಏರು. ಕಾರಣವನ್ನು ತರಗತಿಯಲ್ಲಿಯೇ ಲೆಕ್ಕ ಹಾಕಿ ತೋರಿಸಬಹುದು.

ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ಎದುರಾಗುವ ತಡೆ ಬಹಳ ಕಡಿಮೆ. ಸಮತಟ್ಟಾದ ನೆಲದಲ್ಲಿ ಒಂದು ಟನ್ ಭಾರವನ್ನು ಎಳೆಯಲು ಸುಮಾರು 3 ಕಿಲೋಗ್ರಾಂ ಬಲ ಸಾಕೆಂದು ಇಟ್ಟುಕೊಳ್ಳೋಣ. 37ಕ್ಕೆ 1ರ ಏರಿನಲ್ಲಿ ಅದೇ ಟನ್ನಿನ ತೂಕದ 37ನೆಯ ಒಂದು ಭಾಗ, ಅಂದರೆ 27 ಕಿಲೋಗ್ರಾಂ, ಹಿಂದಕ್ಕೆ ಎಳೆಯುತ್ತದೆ. ಒಟ್ಟು 30 ಕಿಲೋಗ್ರಾಂ. ಬೇಕಾದ ಬಲ ಹತ್ತು ಪಟ್ಟಾಯಿತು! ಇನ್ನು ಎಂಜಿನ್ ಎಷ್ಟು ಬಲ ಹಾಕಬಲ್ಲದು? ಅದರ ಯಂತ್ರ ಎಷ್ಟೇ ಬಲಶಾಲಿಯಾದರೂ ಚಕ್ರಕ್ಕೂ ಹಳಿಗೂ ನಡುವಿನ ಘರ್ಷಣೆಯ ಮಿತಿಯನ್ನು ಅದು ಮೀರಲಾರದು. ಮೀರಿದರೆ ಚಕ್ರ ನಿಂತಲ್ಲೇ ಗಿರಗಿರನೆ ತಿರುಗುತ್ತದೆ. ಘರ್ಷಣಾಂಕ 0.25 ಎಂದು ಹಿಡಿದರೆ, ಎಲ್ಲ ಚಕ್ರಗಳೂ ಚಾಲಕ ಚಕ್ರಗಳಾಗಿರುವ 100 ಟನ್ ತೂಕದ ಎಂಜಿನ್ 25 ಟನ್ ಬಲ ಹಾಕಬಲ್ಲದು. ಸಮತಟ್ಟಿನಲ್ಲಿ ಇದು 8,000 ಟನ್ನಿಗೂ ಹೆಚ್ಚು ಭಾರಕ್ಕೆ ಸಾಕು. 37ಕ್ಕೆ 1ರ ಏರಿನಲ್ಲಿ ತನ್ನ ತೂಕವೂ ಸೇರಿ 830 ಟನ್ನಿಗಷ್ಟೇ ಸಾಕು. ಮಳೆ ಬಂದು ಹಳಿ ಒದ್ದೆಯಾಗಿ ಘರ್ಷಣಾಂಕ 0.15ಕ್ಕೆ ಇಳಿದರೆ 500 ಟನ್. ಸಹ್ಯಾದ್ರಿಯಲ್ಲಿ ಮಳೆ ನಾಲ್ಕು ತಿಂಗಳು. ಎಂಜಿನ್ನಿನಲ್ಲಿ ಮರಳಿನ ಪೆಟ್ಟಿಗೆ ಇಟ್ಟು ಚಕ್ರದ ಮುಂದೆ ಹಳಿಗೆ ಮರಳು ಉದುರಿಸುವ ಏರ್ಪಾಡು ಏಕೆಂಬುದು ಈಗ ತಿಳಿಯುತ್ತದೆ.

ಮುಖ್ಯ ಎಂಜಿನಿಯರ್ ಜೇಮ್ಸ್ ಬರ್ಕ್ಲಿಯ ಯೋಜನೆಯಲ್ಲಿ 25 ಸುರಂಗಗಳು ಮತ್ತು 8 ಕಮಾನು ಸೇತುವೆಗಳಿದ್ದವು. ಒಂದೆಡೆ ಬೆಟ್ಟದ ಮೈ ತಿರುವು ತೆಗೆದುಕೊಳ್ಳಲು ಜಾಗವನ್ನೇ ಕೊಡಲಿಲ್ಲ. ಅಲ್ಲಿ ರೈಲನ್ನು ನಿಲ್ಲಿಸಿ, ಎಂಜಿನ್ನನ್ನು ಬಿಚ್ಚಿ ಇನ್ನೊಂದು ತುದಿಗೆ ಕಟ್ಟಿ, ಬಂದ ದಿಕ್ಕಿಗೇ ಹಿಮ್ಮುಖವಾಗಿ ಬೇರೆ ಹಳಿಯ ಮೇಲೆ ಏರಿಸುತ್ತಿದ್ದರು. ಈ ಹಿಮ್ಮುಖ ನಿಲ್ದಾಣ 1920ರ ದಶಕದ ಕೊನೆಯವರೆಗೂ ಬಳಕೆಯಲ್ಲಿತ್ತು. ಗುತ್ತಿಗೆದಾರ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ ಭಾರತಕ್ಕೆ ಬಂದು ಕೆಲವೇ ವಾರಗಳಲ್ಲಿ ತೀರಿಕೊಂಡ. ಅವನ ಹೆಂಡತಿ ಆಲಿಸ್ ಟ್ರೆಡ್‌ವೆಲ್ ಊರಿಗೆ ಮರಳಲಿಲ್ಲ. ಗುತ್ತಿಗೆಯನ್ನು ತಾನೇ ವಹಿಸಿಕೊಂಡು, ಎಂಜಿನಿಯರುಗಳನ್ನು ನೇಮಿಸಿ ಕೆಲಸ ಮುಗಿಸಿದಳು. 1861ರಲ್ಲಿ ಘಟ್ಟದಲ್ಲಿ ದುಡಿಯುತ್ತಿದ್ದವರ ಸಂಖ್ಯೆ 40,000 ದಾಟಿತ್ತು. ಕಾಲರಾ ಮತ್ತು ಜ್ವರಗಳಿಗೆ ಸಾವಿರಾರು ಕೂಲಿಗಳು ಬಲಿಯಾದರು. 1863ರಲ್ಲಿ ಹಾದಿ ತೆರೆಯಿತು. ಆಗ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದೆ ದಖ್ಖನ್ನಿನ ಹತ್ತಿಗೆ ಎಲ್ಲಿಲ್ಲದ ಬೇಡಿಕೆ. ಇಷ್ಟು ಹಣ ಮತ್ತು ಜೀವ ತೆತ್ತು ಘಟ್ಟ ಏರಿದ್ದು ನೋಟದ ಚೆಲುವಿಗಲ್ಲ ಎಂಬುದನ್ನು ಕಿಟಕಿಯ ಬಳಿ ಕೂತವರು ನೆನೆಯಬೇಕು. ರೈಲು ಸರಕನ್ನು ಹುಡುಕಿ ಹೋಗುತ್ತಿತ್ತು; ಬೆಟ್ಟ ಅಡ್ಡ ಬಂದರೆ ಏರುತ್ತಿತ್ತು. ದೋಆಬಿನ ಒಡಲಿನಲ್ಲಿ ಆಗ ಅದನ್ನು ಎಳೆದು ತರುವಷ್ಟು ಸರಕು ಇರಲಿಲ್ಲ.

ರೈಲಿಲ್ಲದ ಕಾಲದ ಒಂಟಿ ಸಂಚಾರಿಗಳು

ರೈಲಿಲ್ಲದಿದ್ದರೂ ಸಂಚಾರಿಗಳು ಇಲ್ಲಿಗೆ ಬರದೆ ಇರಲಿಲ್ಲ. ಹದಿನೈದರ ಹರೆಯದಲ್ಲಿ ಮುಂಬಯಿಗೆ ಬಂದಿಳಿದ ಮೆಡೋಸ್ ಟೇಲರ್ ನಿಜಾಮನ ಸೇವೆ ಸೇರಿ, 1841ರಿಂದ 1853ರವರೆಗೆ ಸುರಪುರದಲ್ಲಿದ್ದ. ಆಡಳಿತದ ನಡುವೆಯೇ ಸುತ್ತಲಿನ ಬೃಹತ್ ಶಿಲಾ ಸಮಾಧಿಗಳನ್ನು ಅಗೆದು, ಅಳೆದು, ಚಿತ್ರ ಬರೆದಿಟ್ಟ. ಅವನ ನಂತರ ಬಂದ ರಾಬರ್ಟ್ ಬ್ರೂಸ್ ಫೂಟ್ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ನೌಕರ. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕೈಗೊಡಲಿಯನ್ನು ಗುರುತಿಸಿ ಹೆಸರಾದವನು. ಬಂಡೆ ಪರೀಕ್ಷಿಸುವ ಸುತ್ತಿಗೆ ಹಿಡಿದು ದಕ್ಷಿಣ ಭಾರತವನ್ನು ದಶಕಗಳ ಕಾಲ ಸುತ್ತಿದ ಈತ ಲಿಂಗಸುಗೂರು ಸೀಮೆಯಿಂದಲೂ ನವಶಿಲಾಯುಗದ ಉಪಕರಣಗಳನ್ನು ಆಯ್ದ. ಮಸ್ಕಿಯ ಪ್ರಾಚೀನ ನೆಲೆ ಅವನ ಕಣ್ಣಿಗೆ ಬಿದ್ದಿತ್ತು. ದಕ್ಷಿಣದ ಚಿನ್ನವೆಲ್ಲ ಮುಖ್ಯವಾಗಿ ಒಂದು ಬಗೆಯ ಪುರಾತನ ಶಿಲಾಪಟ್ಟಿಗಳಲ್ಲಿದೆ ಎಂದು ತೋರಿಸಿ, ಆ ಶಿಲಾಸಮೂಹಕ್ಕೆ 'ಧಾರವಾಡ' ಎಂಬ ಹೆಸರು ಕೊಟ್ಟವನೂ ಅವನೇ. ಇಂದು ಹಟ್ಟಿ-ಮಸ್ಕಿ ಪಟ್ಟಿ ಎಂದು ಕರೆಯುವುದು ಅಂಥ ಒಂದು ಶಿಲಾಪಟ್ಟಿಯನ್ನು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನರು ಬೆಂಕಿಯಿಂದ ಬಂಡೆ ಕಾಯಿಸಿ ನೀರೆರಚಿ ಸೀಳುತ್ತ ಸುಮಾರು 640 ಅಡಿ ಆಳಕ್ಕೆ ಇಳಿದಿದ್ದರು.

ಚಿನ್ನದ ಹುಡುಕಾಟವೇ ಮಸ್ಕಿಗೆ ಜಗತ್ತಿನ ಗಮನ ತಂದಿತು. 1915ರ ಜನವರಿ 27ರಂದು ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಅಲ್ಲಿನ ಗುಡ್ಡದ ಬಂಡೆಯೊಂದರ ಮೇಲೆ ಬ್ರಾಹ್ಮೀ ಲಿಪಿಯ ಬರಹವನ್ನು ಕಂಡ. ಅದೇ ವರ್ಷ ಹೈದರಾಬಾದಿನ ಪುರಾತತ್ತ್ವ ಮಾಲಿಕೆಯ ಮೊದಲ ಸಂಪುಟವಾಗಿ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಪ್ರಕಟಿಸಿದರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದಂದಿನಿಂದ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಶಾಸನಗಳಲ್ಲಿ ಸಿಕ್ಕಿದ್ದವು. ಆ ದೊರೆ ಅಶೋಕನೇ ಎಂಬುದು ಸಿಂಹಳದ ಗ್ರಂಥಗಳ ಆಧಾರದ ಮೇಲಿನ ಊಹೆಯಾಗಿತ್ತು. ಮಸ್ಕಿಯ ಬಂಡೆ 'ಅಶೋಕ' ಎಂಬ ಹೆಸರನ್ನೇ ಹೇಳಿತು. ಇದೇ ಶಾಸನದ ಬ್ರಹ್ಮಗಿರಿಯ ಪಾಠದಲ್ಲಿ 256 ಎಂಬ ಅಂಕಿ ಬರುತ್ತದೆ. ಅದು ದೊರೆ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವೆಂದು ಹಲವು ವಿದ್ವಾಂಸರು ಅರ್ಥ ಮಾಡಿದ್ದಾರೆ. ಪ್ರವಾಸದ ದಿನಚರಿಯ ಇಷ್ಟು ಹಳೆಯ ನಮೂದು ನಮ್ಮ ನಾಡಿನಲ್ಲಿ ಬೇರೆಲ್ಲಿ ಸಿಕ್ಕೀತು?

ಫಿಯೋರ್ಡಿಗೆ ಇಳಿಯುವ ಹಳಿ

ಈಗ ನಾರ್ವೆಯತ್ತ ಒಂದು ನೋಟ. ರಾಜಧಾನಿ ಓಸ್ಲೊವನ್ನು ಪಶ್ಚಿಮ ಕರಾವಳಿಯ ಬರ್ಗೆನ್ ಪಟ್ಟಣಕ್ಕೆ ಜೋಡಿಸುವ ಹಾದಿ ಪೂರ್ತಿಯಾಗಿ ತೆರೆದದ್ದು 1909ರಲ್ಲಿ. ಮರಗಳೂ ಬೆಳೆಯದ ಪ್ರಸ್ಥಭೂಮಿಯನ್ನು ಅದು ದಾಟುತ್ತದೆ. ಫಿನ್ಸೆ ನಿಲ್ದಾಣದ ಎತ್ತರ 1,222 ಮೀಟರ್. ನಮ್ಮ ಘಟ್ಟದವರಿಗೆ ಮಳೆ ಶತ್ರುವಾದರೆ ಅವರಿಗೆ ಹಿಮ. ಹಳಿಯ ಮೇಲೆ ಚಪ್ಪರ ಕಟ್ಟಿ, ತಿರುಗುವ ನೇಗಿಲಿನಂಥ ಯಂತ್ರದಿಂದ ಹಿಮ ತೋಡಿ ದಾರಿ ತೆರೆದಿಟ್ಟರು. ಈ ಹಾದಿಯ ಮಿರ್ಡಾಲ್ ನಿಲ್ದಾಣದಿಂದ ಕವಲೊಡೆಯುವ ಫ್ಲೋಮ್ ಹಾದಿ 1940ರಲ್ಲಿ ತೆರೆಯಿತು. ಕೇವಲ 20 ಕಿ.ಮೀ. ದೂರದಲ್ಲಿ ಅದು ಸುಮಾರು 865 ಮೀಟರ್ ಇಳಿದು ಸಮುದ್ರಮಟ್ಟ ಸೇರುತ್ತದೆ. ಅತಿ ಕಡಿದಾದ ಕಡೆ ಏರು 18ಕ್ಕೆ 1. ನಮ್ಮ ಹಿಂದಿನ ಲೆಕ್ಕವನ್ನೇ ಮುಂದುವರಿಸಿದರೆ ಟನ್ನಿಗೆ ಸುಮಾರು 59 ಕಿಲೋಗ್ರಾಂ ಬಲ ಬೇಕು. ಅದೇ 100 ಟನ್ ಎಂಜಿನ್ ಇಲ್ಲಿ ಎಳೆಯಬಲ್ಲದ್ದು 420 ಟನ್ನಿನಷ್ಟು. 12ಕ್ಕೆ 1ರ ಏರಿರುವ ನೀಲಗಿರಿ ರೈಲಿನಲ್ಲಿ ಹಳಿಗಳ ನಡುವೆ ಹಲ್ಲುಪಟ್ಟಿ ಇದೆ. ಫ್ಲೋಮ್ ಹಾದಿಯಲ್ಲಿ ಅದಿಲ್ಲ, ಬರಿಯ ಘರ್ಷಣೆಯನ್ನೇ ನಂಬಿದ್ದಾರೆ. ಅದರ 20 ಸುರಂಗಗಳಲ್ಲಿ 18ನ್ನು ಕೈಯಿಂದಲೇ ಕೊರೆಯಲಾಯಿತು.

ಆ ಹಾದಿ ಕೊನೆಗೊಳ್ಳುವುದು ಸೋಂಗ್ನೆ ಫಿಯೋರ್ಡಿನ ಒಂದು ಕವಲಿನಲ್ಲಿ. ಫಿಯೋರ್ಡ್ ಎಂದರೆ ನಾಡಿನೊಳಗೆ ಚಾಚಿದ ಸಮುದ್ರದ ತೋಳು ಎಂದಷ್ಟೇ ಹೇಳಿದರೆ ಸಾಲದು. ಹಿಮಯುಗಗಳಲ್ಲಿ ಹಿಮನದಿಗಳು ಕಣಿವೆಗಳನ್ನು ಕೆರೆದು ಆಳವಾಗಿಸಿದವು. ನೀರಿನ ಹೊಳೆ ಸಮುದ್ರಮಟ್ಟಕ್ಕಿಂತ ಬಹಳ ಕೆಳಗೆ ಕೊರೆಯಲಾರದು. ದಪ್ಪನೆಯ ಹಿಮದ ರಾಶಿ ತನ್ನ ಭಾರದಿಂದಲೇ ಕೊರೆಯಬಲ್ಲದು. ಹೀಗಾಗಿ ಸೋಂಗ್ನೆ ಫಿಯೋರ್ಡ್ ಒಳನಾಡಿನಲ್ಲಿ 1,308 ಮೀಟರ್ ಆಳವಿದ್ದು, ಸಮುದ್ರ ಸೇರುವ ಬಾಯಿಯಲ್ಲಿ ಹೊಸ್ತಿಲಿನಂತೆ ತಳ ಮೇಲೆದ್ದಿದೆ. ನಮ್ಮ ಕಾರವಾರದ ಕಾಳಿ, ಹೊನ್ನಾವರದ ಶರಾವತಿ ಅಳಿವೆಗಳನ್ನು ಕೆಲವರು ಉತ್ಸಾಹದಿಂದ ಫಿಯೋರ್ಡಿಗೆ ಹೋಲಿಸುವುದುಂಟು. ಹಸಿರು ಬೆಟ್ಟ, ಅಗಲವಾದ ಶಾಂತ ನೀರು ಎರಡೂ ಕಡೆ ಇವೆ, ಸರಿ. ಆದರೆ ಇಲ್ಲಿ ಹಿಮನದಿ ಎಂದೂ ಹರಿಯಲಿಲ್ಲ. ಸುಮಾರು 20,000 ವರ್ಷಗಳ ಹಿಂದೆ ಸಮುದ್ರಮಟ್ಟ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು; ಹಿಮ ಕರಗಿ ಮಟ್ಟ ಏರಿದಾಗ ಹೊಳೆಗಳ ತುದಿಗಳು ಮುಳುಗಿದವು. ಇವು ಮುಳುಗಿದ ನದೀಕಣಿವೆಗಳು. ತಳ ಆಳವಿಲ್ಲ. ಅದರಿಂದಲೇ 1998ರಲ್ಲಿ ಪೂರ್ತಿಯಾಗಿ ಸಂಚಾರಕ್ಕೆ ತೆರೆದ ಕೊಂಕಣ ರೈಲ್ವೆ ಶರಾವತಿಗೆ ಎರಡು ಕಿ.ಮೀ.ಗೂ ಉದ್ದದ ಸೇತುವೆ ಹಾಕಲು ಸಾಧ್ಯವಾಯಿತು. ಸಾವಿರ ಮೀಟರ್ ಆಳದ ನೀರಿನಲ್ಲಿ ಕಂಬ ನಿಲ್ಲಿಸುವುದೆಲ್ಲಿ?

ಲಿಂಗಸುಗೂರು ಕಳೆದುಕೊಂಡದ್ದು

ಲಿಂಗಸುಗೂರು ಹಿಂದೆ ಸೇನಾ ಛಾವಣಿಯಾಗಿತ್ತು. ನಿಜಾಮ ರಾಜ್ಯದ ಒಂದು ಜಿಲ್ಲೆಯ ಕೇಂದ್ರವೂ ಆಗಿತ್ತು. 1905ರಲ್ಲಿ ಆ ಜಿಲ್ಲೆಯನ್ನು ರದ್ದು ಮಾಡಿ ತಾಲ್ಲೂಕುಗಳನ್ನು ರಾಯಚೂರು ಮತ್ತು ಗುಲಬರ್ಗಾ ಜಿಲ್ಲೆಗಳಿಗೆ ಹಂಚಲಾಯಿತು. ರಾಯಚೂರು, ಗುಲಬರ್ಗಾ ಎರಡಕ್ಕೂ ರೈಲು ಇತ್ತು, ಲಿಂಗಸುಗೂರಿಗೆ ಇರಲಿಲ್ಲ ಎಂಬುದು ಕಾಕತಾಳೀಯವೆಂದು ನನಗೆ ತೋರುವುದಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರಿನ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಈಗ ಸರಕು ಧಾರಾಳ. ಆದರೂ ಅಕ್ಕಿ ಹೊರಟದ್ದು ಲಾರಿಗಳಲ್ಲಿ. 1970ರ ದಶಕದ ಆರಂಭದಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಇದೇ ತಾಲ್ಲೂಕಿನಲ್ಲಿ ನೆಲೆ ಕೊಡಲಾಯಿತು. ಬಂಗಾಳದ ನೆಂಟರನ್ನು ನೋಡಲು ದೇಶದ ಉದ್ದಗಲ ದಾಟಬೇಕಾದ ಆ ಕುಟುಂಬಗಳಿಗೂ ಊರಲ್ಲಿ ರೈಲಿರಲಿಲ್ಲ. ಮಸ್ಕಿ, ಲಿಂಗಸುಗೂರುಗಳ ಒಣಭೂಮಿಯಿಂದ ಗಂಟು ಕಟ್ಟಿಕೊಂಡು ಬೆಂಗಳೂರಿಗೆ ದುಡಿಯಲು ಹೋಗುವವರ ಹೆಗಲ ಚೀಲವೂ ಪ್ರವಾಸಿಯ ಚೀಲದಷ್ಟೇ ಈ ಚರಿತ್ರೆಗೆ ಸೇರಿದ್ದು.

ಗಿಣಿಗೇರಾದಿಂದ ಸಿಂಧನೂರು, ರಾಯಚೂರುಗಳ ಮೂಲಕ ಮಹಬೂಬನಗರಕ್ಕೆ ಹೊಸ ಹಾದಿ ಮಂಜೂರಾದದ್ದು 1997-98ರಲ್ಲಿ. ಅದು ಗಂಗಾವತಿ, ಕಾರಟಗಿಗಳನ್ನು ಹಂತಹಂತವಾಗಿ ಮುಟ್ಟಿ ಸಿಂಧನೂರಿಗೆ ಬರುವಷ್ಟರಲ್ಲಿ ಕಾಲು ಶತಮಾನ ಕಳೆದಿತ್ತು. ಬೆಟ್ಟವಿಲ್ಲದ ನೆಲದಲ್ಲಿ ಹಳಿ ಇಷ್ಟು ನಿಧಾನವಾದದ್ದಕ್ಕೆ ಭೌತಶಾಸ್ತ್ರವನ್ನು ದೂರುವಂತಿಲ್ಲ.

ಸಿಂಧನೂರಿನಲ್ಲಿ ರೈಲು ಹತ್ತುವ ವಿಜ್ಞಾನದ ವಿದ್ಯಾರ್ಥಿ ಕಿಟಕಿಯ ಬಳಿ ಕೂತರೆ ಒಂದೇ ದಿನದಲ್ಲಿ ಭೂವಿಜ್ಞಾನದ ಪಾಠವೊಂದು ಕಣ್ಣೆದುರು ಸಾಗುತ್ತದೆ. ಗಂಗಾವತಿ, ಕೊಪ್ಪಳದವರೆಗೆ ಒಂದರ ಮೇಲೊಂದು ಪೇರಿಸಿಟ್ಟಂತಿರುವ ಗ್ರಾನೈಟ್ ಗುಂಡುಗಳು. ಬಂಡೆಯ ಬಿರುಕುಗಳಲ್ಲಿ ನೀರಿಳಿದು ಮೂಲೆಗಳು ಸವೆದು ಅವು ದುಂಡಗಾದವು. ಗದಗದ ಸುತ್ತ ಕಪ್ಪು ಎರೆಮಣ್ಣು. ಹುಬ್ಬಳ್ಳಿ ದಾಟಿದ ಮೇಲೆ ಫೂಟ್ ಹೆಸರಿಟ್ಟ ಧಾರವಾಡ ಶಿಲೆಗಳು. ಹುಬ್ಬಳ್ಳಿಯಲ್ಲಿ ರೈಲು ಬದಲಿಸಿ ಲೋಂಡಾ ಮೂಲಕ ಕ್ಯಾಸಲ್‌ರಾಕ್ ಸೇರಿದರೆ ಬ್ರಗಾಂಜಾ ಘಾಟ್ ಎದುರಾಗುತ್ತದೆ. 1888ರಲ್ಲಿ ಮೀಟರ್ ಗೇಜಿನಲ್ಲಿ ತೆರೆದು 1990ರ ದಶಕದಲ್ಲಿ ಬ್ರಾಡ್ ಗೇಜಿಗೆ ಬದಲಾದ ಈ ಹಾದಿ ಕುಳೆಂವರೆಗಿನ ಸುಮಾರು 26 ಕಿ.ಮೀ.ಯಲ್ಲಿ ಅರ್ಧ ಕಿಲೋಮೀಟರಿನಷ್ಟು ಇಳಿಯುತ್ತದೆ. ಇಲ್ಲಿಯೂ ಅದೇ 37ಕ್ಕೆ 1. ಏರುವ ಗಾಡಿಗೆ ಹಿಂದಿನಿಂದ ತಳ್ಳುವ ಎಂಜಿನ್ ಕಟ್ಟುತ್ತಾರೆ. ಇಳಿಯುವ ಗಾಡಿಯ ಬ್ರೇಕನ್ನು ಮೊದಲೇ ಪರೀಕ್ಷಿಸುತ್ತಾರೆ. 310 ಮೀಟರ್ ಎತ್ತರದ ದೂಧಸಾಗರ ಜಲಪಾತದ ಎದುರಿನ ಸೇತುವೆಯ ಮೇಲೇ ರೈಲು ಸಾಗುತ್ತದೆ. ಅಲ್ಲಿ ಹಳಿಗುಂಟ ನಡೆಯುವುದು ಅಪಾಯಕರವೂ ಹೌದು, ಕಾನೂನುಬಾಹಿರವೂ ಹೌದು. ವಿದ್ಯಾರ್ಥಿಗಳನ್ನು ಕರೆದೊಯ್ಯುವ ಶಿಕ್ಷಕರು ಇದನ್ನು ಗಮನಿಸಬೇಕು.

ಈ ಘಟ್ಟದ ಹಾದಿಯನ್ನು ಜೋಡಿಯಾಗಿಸುವ ಯೋಜನೆಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಕಾಡಿನ ಮೇಲಾಗುವ ಪರಿಣಾಮವನ್ನು ಸರಿಯಾಗಿ ಅಳೆದಿಲ್ಲ ಎಂಬುದು ಆಕ್ಷೇಪ. ಭೋರ್ ಘಾಟಿನ ಕಾಲದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಕುಳೆಂನಿಂದ ಮಡಗಾಂವ್ ಸೇರಿ ಕೊಂಕಣ ರೈಲು ಹಿಡಿದರೆ ಕಾಳಿ, ಶರಾವತಿಗಳ ಅಳಿವೆಗಳನ್ನು ದಾಟಬಹುದು. ಹೊರಟ ಊರಿಗೇ ಬೇರೆ ದಾರಿಯಿಂದ ಮರಳುವವರಿಗೆ ಭಾರತೀಯ ರೈಲ್ವೆಯಲ್ಲಿ ವೃತ್ತಪ್ರವಾಸ ಟಿಕೆಟ್ ಎಂಬ ಸೌಲಭ್ಯವಿದೆ. ಬಿಡಿ ಟಿಕೆಟ್‌ಗಳಿಗಿಂತ ಅದು ಅಗ್ಗ, ನಡುವೆ ಎಂಟು ಕಡೆ ಇಳಿಯಲು ಅವಕಾಶ.

ಲಿಂಗಸುಗೂರಿನ ಪಾಲಿನದು ಬೇರೆ ಹಾದಿ. 2013-14ರಲ್ಲಿ ಮಂಜೂರಾದ 257 ಕಿ.ಮೀ. ಉದ್ದದ ಗದಗ-ವಾಡಿ ಮಾರ್ಗದ ನಕಾಶೆಯಲ್ಲಿ ಅದರ ಹೆಸರಿದೆ. 2025ರ ಮೇ 15ರಂದು ಆ ಹಾದಿಯಲ್ಲಿ ಕುಷ್ಟಗಿಯವರೆಗೆ ರೈಲು ಬಂತು. ಮಸ್ಕಿ ಎರಡೂ ಹಾದಿಗಳಿಗೆ ಸೇರದೆ ನಡುವೆ ಉಳಿದಿದೆ. ಅಶೋಕನ ಬಂಡೆಯನ್ನು ನೋಡಲು ಹೊರಟವರು ಸಿಂಧನೂರಿನಲ್ಲಿ ರೈಲಿಳಿದು ಲಿಂಗಸುಗೂರಿನ ಬಸ್ಸು ಹಿಡಿಯಬೇಕು.